ಹಗ್ಗದಾಚೆಯ ಅಂಗಡಿ

"ಸ್ವಲ್ಪ ಸರೀರಿ" ಎನ್ನುತ್ತ ಅವನು ಯಾರದೋ ಮೊಣಕೈ ಕೆಳಗೆ ತಲೆ ತೂರಿಸಿದ. ಎದೆಗೆ ಹಗ್ಗ ತಗುಲಿತು. ಹಗ್ಗದಾಚೆ ರಸ್ತೆ, ರಸ್ತೆಯಾಚೆ ಔಷಧಿ ಅಂಗಡಿ.

"ದಾಟೋ ಹಾಗಿಲ್ಲ," ಎಂದ ಪೊಲೀಸ್, ಅವನ ಮುಖ ನೋಡದೆ. "ಕ್ರೀಡಾಜ್ಯೋತಿ ಬರ್ತಿದೆ."

"ಅಕ್ಕನಿಗೆ ಉಬ್ಬಸ. ಇನ್ಹೇಲರ್ ಖಾಲಿಯಾಗಿದೆ. ಅಂಗಡಿ ಎದುರಿಗೇ ಇದೆ."

"ಎದುರಿಗೇ ಇದೆಯಲ್ಲ, ಎಲ್ಲೂ ಓಡಿಹೋಗಲ್ಲ ಬಿಡಿ."

ಸುತ್ತಲಿದ್ದವರು ನಕ್ಕರು. ಅವನೂ ನಕ್ಕ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನಿಗೆ ಆ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ.

ಹಿಂತಿರುಗಿ ನೋಡಿದ. ತಮ್ಮ ಮನೆಯ ಮಹಡಿಯ ಕಿಟಕಿಯಲ್ಲಿ ಅಕ್ಕ ಸರಳು ಹಿಡಿದು ನಿಂತಿದ್ದಳು. ಬಾಯಿ ತೆರೆದಿತ್ತು. ಕೆಳಗೆ ಜೈಕಾರ ಹಾಕುತ್ತಿದ್ದ ಬಾಯಿಗಳಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

"ನಿಮ್ಮಕ್ಕ ನೋಡಿ ಮೇಷ್ಟ್ರೇ," ಎಂದ ಪಕ್ಕದ ಮನೆಯ ದರ್ಜಿ, ಖುಷಿಯಾಗಿ. "ಮಹಡಿ ಮೇಲಿಂದಾನೇ ಹೆಂಗೆ ಕೂಗ್ತಿದಾರೆ!"

ಅವನು ಹಗ್ಗದಡಿ ನುಸುಳಿದ. ಯೋಚಿಸಿ ಮಾಡಿದ್ದಲ್ಲ, ಬೆನ್ನು ತಾನಾಗಿ ಬಗ್ಗಿತ್ತು.

ಹಳದಿ ಜಾಕೆಟ್ಟಿನ ಸ್ವಯಂಸೇವಕನೊಬ್ಬ ರಟ್ಟೆ ಹಿಡಿದ. ಸಿಕ್ಕಿಬಿದ್ದೆ ಅಂದುಕೊಂಡ.

"ಎಲ್ಲಿ ಹೋಗಿದ್ರಿ ಸಾರ್? ಹುಡುಕಿ ಹುಡುಕಿ ಸಾಕಾಯ್ತು. ಇಲ್ಲೇ ನಿಲ್ಲಿ, ಬಂದೇಬಿಟ್ರು."

ಸ್ವಯಂಸೇವಕನ ಕಣ್ಣು ಅವನ ಬಟ್ಟೆಯ ಮೇಲಿತ್ತು. ಅವಸರದಲ್ಲಿ ಕೈಗೆ ಸಿಕ್ಕಿದ್ದ ಬಿಳಿ ಅಂಗಿ, ಬಿಳಿ ಪ್ಯಾಂಟು. ಪಂಜು ಹಿಡಿದು ಏದುಸಿರು ಬಿಡುತ್ತ ಬರುತ್ತಿದ್ದ ಓಟಗಾರನೂ ಬಿಳಿಯಲ್ಲೇ ಇದ್ದ.

ನಾನಲ್ಲ, ಅನ್ನಬೇಕು. ಅಂದರೆ ಮತ್ತೆ ಹಗ್ಗದಾಚೆಗೆ ದಬ್ಬುತ್ತಾರೆ. ಕೈ ಚಾಚಿದ. ಪಂಜು ಕೈಗೆ ಬಂತು.

ಚಪ್ಪಾಳೆ. ಅವನು ಓಡಿದ. ಪಂಜನ್ನು ಎತ್ತಿ ಹಿಡಿದ. ಇನ್ನೂ ಸ್ವಲ್ಪ ಎತ್ತಿದ. ಎಡಗೈ ಬೀಸಿದ. ಯಾರಿಗೆ ಬೀಸುತ್ತಿದ್ದೇನೆ ಎಂಬ ಯೋಚನೆ ಬರುವ ಹೊತ್ತಿಗೆ ಔಷಧಿ ಅಂಗಡಿ ಹಿಂದೆ ಉಳಿದಿತ್ತು.

ತಟ್ಟನೆ ತಿರುಗಿದ. ಹಿಂದೆ ಬರುತ್ತಿದ್ದ ಜೀಪು ಕಿರುಚಿ ನಿಂತಿತು. "ಸಾರ್, ಮುಂದೆ! ಮುಂದೆ!" ಎಂದು ಮೈಕು ಅರಚಿತು. ಅವನು ಅಂಗಡಿಯ ಕಡೆಯ ಹಗ್ಗಕ್ಕೆ ಓಡಿದ. ಅಂಗಡಿಯವನು ಷಟರು ಅರ್ಧ ಎಳೆದು, ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದ.

"ಅಕ್ಕನ ಇನ್ಹೇಲರ್ ಕೊಡಿ. ಗೊತ್ತಲ್ಲ ನಿಮಗೆ, ನೀಲಿದು. ಬೇಗ."

"ಬೆಂಕಿ ದೂರ ಹಿಡೀರಿ ಮೇಷ್ಟ್ರೇ! ಇದು ದಾಟೋವರೆಗೂ ವ್ಯಾಪಾರ ಮಾಡಬಾರದಂತೆ. ಪೊಲೀಸರು ಹೇಳಿ ಹೋಗಿದಾರೆ."

"ವ್ಯಾಪಾರ ಬೇಡ. ನೀವು ಇದನ್ನ ಹಿಡ್ಕೊಳ್ಳಿ, ನಾನೇ ಒಳಗೆ ಹೋಗಿ ತಗೊಳ್ತೀನಿ. ಒಂದೇ ನಿಮಿಷ."

ಚಪ್ಪಾಳೆ ನಿಂತುಹೋಗಿತ್ತು. ಹಳದಿ ಜಾಕೆಟ್ಟುಗಳು ಓಡಿ ಬರುತ್ತಿದ್ದವು. ಎದುರು ಬದಿಯ ಕಿಟಕಿಯತ್ತ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಪಂಜನ್ನು ಹಗ್ಗದ ಮೇಲಿಂದ ಚಾಚಿದ. ಅದರ ಬಿಸಿಗೆ ಜನ ಎರಡೂ ಪಕ್ಕಕ್ಕೆ ಸರಿದು, ಅವರಿಬ್ಬರನ್ನೇ ಎದುರುಬದುರು ಬಿಟ್ಟರು.

ಅಂಗಡಿಯವನು ಜಾಕೆಟ್ಟುಗಳನ್ನು ನೋಡಿದ, ಜ್ವಾಲೆಯನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇಲ್ಲ," ಎಂದ. "ನಾನು ಹಿಡ್ಕೊಳ್ಳಲ್ಲ."