ಮುಚ್ಚಳದ ಮೇಲಿನ ಚೀಟಿ

ಆವತ್ತು ಬೆಳಗ್ಗೆ ಹನೂರಿನಲ್ಲಿ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಗಾಳಿ ಮಾತ್ರ ಇತ್ತು. ಆಷಾಢದ ಗಾಳಿ. ಬೆಟ್ಟದ ಕಡೆಯಿಂದ ಇಳಿದು ಬಂದು ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನ ಗಾಡಿಗಳ ಮೇಲಿನ ಟಾರ್ಪಾಲನ್ನು ಎತ್ತೆತ್ತಿ ಬಡಿಯುತ್ತಿತ್ತು. ಆಗೊಮ್ಮೆ ಈಗೊಮ್ಮೆ ನಾಲ್ಕು ಹನಿ ಎರಚಿ, ಮನಸ್ಸು ಬದಲಾಯಿಸಿದ ಹಾಗೆ ಸುಮ್ಮನಾಗುತ್ತಿತ್ತು. ಕೋಮಲ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು, ಮೇಜಿನ ಮೇಲಿದ್ದ ಹೊಸ ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಪರದೆ ಕಪ್ಪಗಿತ್ತು. ನಿನ್ನೆಯಿಂದ ಅದು ಹಾಗೆ ಕಪ್ಪಾದದ್ದು ಎಂಟನೆಯ ಸಲ.

"ಇದೂ ಕತ್ಲೇನಾ ಮಗ?" ಎಂದಳು ಮಹದೇವಿ, ಎದುರಿನ ಸ್ಟೂಲಿನ ಮೇಲೆ ಕೂತು.

"ಕತ್ಲೆ ಕಣಕ್ಕ."

"ನಮ್ ಕಾಡ್ನಲ್ಲಿ ಅಮಾಸೆ ದಿಸ್ವೂ ಇಷ್ಟು ಕತ್ಲೆ ಇರದಿಲ್ಲ."

ಕೋಮಲಳಿಗೆ ನಗು ಬರಲಿಲ್ಲ. ಪವರ್ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಯಾರದೋ ಕತ್ತು ಹಿಡಿದ ಹಾಗೆ.

ಮಹದೇವಿ ಲೊಕ್ಕನಹಳ್ಳಿ ದಾಟಿ ಕಾಡಿನೊಳಗಿರುವ ಸೋಲಿಗರ ಪೋಡಿನವಳು. ಅಲ್ಲಿನ ಮೂವತ್ತು ಮನೆಗಳ ಪರವಾಗಿ ಒಂದು ಕಲ್ಲು ಕ್ವಾರಿಯ ಮೇಲೆ ದೂರು ಹಾಕಿದ್ದಳು. ಕ್ವಾರಿಯ ಮದ್ದಿನ ಏಟಿಗೆ ಬಂಡೆ ಬಿರುಕು ಬಿಟ್ಟು ಪೋಡಿನ ಒರತೆ ಬತ್ತಿಹೋಗಿತ್ತು. ಯಾರು ಏನು ಕಂಡರು ಎಂಬುದನ್ನು ಹನ್ನೊಂದು ಜನರ ಬಾಯಿಂದ ಕೇಳಿ ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟಿದ್ದಳು. ಏಪ್ರಿಲ್ ತಿಂಗಳಲ್ಲಿ ಆ ಹೇಳಿಕೆಗಳು ಹೇಗೋ ಕ್ವಾರಿಯವರ ಕೈ ಸೇರಿದವು. ವಾರದೊಳಗೆ ಜವರಮ್ಮ ಎಂಬ ಮುದುಕಿಯ ಕೊಟ್ಟಿಗೆಗೆ ಬೆಂಕಿ ಬಿತ್ತು. ಹಸು ಹಗ್ಗ ಹರಿದುಕೊಂಡು ಓಡಿ ಬದುಕಿತು. ಏಳು ಜನ ತಾವು ಏನೂ ಕಂಡಿಲ್ಲವೆಂದು ಹಿಂದೆ ಸರಿದರು. ಉಳಿದ ನಾಲ್ವರೂ ಯಂತ್ರ ಭದ್ರವಾಗುವ ತನಕ ಬಾಯಿ ಬಿಡುವುದಿಲ್ಲ ಎಂದು ಕೂತಿದ್ದರು. ಗುರುವಾರ ವಿಚಾರಣೆ. ಇವತ್ತು ಮಂಗಳವಾರ.

ಮೈಸೂರಿನ ವಕೀಲರು ಈ ಹೊಸ ಲ್ಯಾಪ್‌ಟಾಪ್ ಕೊಡಿಸಿ, ಜೊತೆಗೊಂದು ಪೆನ್‌ಡ್ರೈವ್ ಕೊಟ್ಟು, ಇದರಲ್ಲಿರುವ ಸಿಸ್ಟಮ್ಮನ್ನೇ ಹಾಕಿಸಿ ಎಂದಿದ್ದರು. ಮನೆಯೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ ಕಟ್ಟಿದ ಹಾಗೆ ಅದು. ಒಂದು ಕೋಣೆಗೆ ಕಳ್ಳ ನುಗ್ಗಿದರೂ ಉಳಿದವು ಮುಚ್ಚಿಯೇ ಇರುತ್ತವೆ. ಆದರೆ ಲ್ಯಾಪ್‌ಟಾಪ್ ಈ ವರ್ಷದ್ದು, ಸಿಸ್ಟಮ್ಮು ಅದಕ್ಕಿಂತ ಹಿಂದಿನದು. ಒಂದರ ಮುಖ ಇನ್ನೊಂದಕ್ಕೆ ಪರಿಚಯವಿಲ್ಲ.

ಒಂಬತ್ತನೆಯ ಸಲ ಕೋಮಲ ಪರದೆ ಕಪ್ಪಾಗುವ ಮುಂಚೆ ಬರುವ ಪಟ್ಟಿಯನ್ನು ನಿಧಾನವಾಗಿ ಓದಿದಳು. ಹೊಸ ಯಂತ್ರಗಳಿಗೆಂದೇ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಹೊಸ ಆವೃತ್ತಿಯಿಂದ ಶುರುಮಾಡುವ ಸಾಲೊಂದು ಕೆಳಗಿತ್ತು. ಅದನ್ನು ಒತ್ತಿದಳು. ಪರದೆ ಬೆಳಗಿತು. ಮಹದೇವಿ ಕೂತಲ್ಲೇ ಮಾದಪ್ಪನಿಗೆ ಕೈಮುಗಿದಳು. ಮುಗಿದ ಕೈ ಇಳಿಯುವುದರೊಳಗೆ ಇನ್ನೊಂದು ತಕರಾರು ಬಂತು: ಸಿಸ್ಟಮ್ ಹಾಕಲು ಡಿಸ್ಕೇ ಕಾಣುತ್ತಿಲ್ಲವಂತೆ.

"ಒಳಗೇ ಐತಲ್ಲ, ಎಲ್ಲಿಗೋದದು?" ಕೋಮಲ ಮೇಜಿಗೆ ಗುದ್ದಿದಳು. ಸ್ಕ್ರೂಗಳ ಡಬ್ಬಿ ಉರುಳಿ ನೆಲದ ತುಂಬ ಚೆಲ್ಲಿತು.

ಮಹದೇವಿ ಕುಕ್ಕುರುಗಾಲಲ್ಲಿ ಕೂತು ಸ್ಕ್ರೂಗಳನ್ನು ಆರಿಸತೊಡಗಿದಳು. ಕೈ ಆರಿಸುತ್ತಿತ್ತು, ಬಾಯಿ ಪುಟ್ಟರಾಜುವನ್ನು ಬೈಯುತ್ತಿತ್ತು. ನಿನ್ನೆಯೂ ಬೈದಿದ್ದಳು. ಪುಟ್ಟರಾಜು ಅವಳದೇ ಪೋಡಿನವನು, ಹೇಳಿಕೆ ಬರೆಸಲು ಅವಳ ಜೊತೆ ಮನೆಮನೆಗೆ ನಡೆದವನು. ಅದೇ ಏಪ್ರಿಲ್‌ನಲ್ಲಿ ಅವನು ಕ್ವಾರಿಯ ಆಫೀಸಿನಿಂದ ಹೊರಗೆ ಬರುವುದನ್ನು ಯಾರೋ ಕಂಡರು. ಬಾಮೈದನ ಕೂಲಿ ಕೇಳಲು ಹೋಗಿದ್ದೆ ಎಂದ, ಯಾರೂ ನಂಬಲಿಲ್ಲ. ಅಲ್ಲಿಂದಾಚೆಗೆ ಪೋಡಿನ ನ್ಯಾಯಕ್ಕೆ ಅವನನ್ನು ಕರೆಯಲಿಲ್ಲ, ಮಾತಾಡಿಸಲಿಲ್ಲ. ಈ ಸಲದ ಜೇನಿಗೆ ಮರ ಹತ್ತಿದವನು ಅವನೇ, ಆದರೂ ಪಾಲು ಕೊಡಲಿಲ್ಲ. ಹಾಗೆಂದು ಒಬ್ಬರ ಪಾಲನ್ನು ಇನ್ನೊಬ್ಬರು ತಿನ್ನುವ ಪದ್ಧತಿಯೂ ಅವರಲ್ಲಿಲ್ಲ. ತಪ್ಪು ಒಪ್ಪಿಕೊಂಡ ದಿನ ಕೊಡುವುದೆಂದು ಕ್ಯಾನಿಗೆ ತುಂಬಿ ಮಹದೇವಿಯ ಮನೆಯಲ್ಲಿ ಇಟ್ಟಿದ್ದರು.

"ಒಪ್ಕಳ್ನಿಲ್ಲ ಅವ್ನು. ಕಲ್ಲು ಇದ್ದಂಗವ್ನೆ," ಎಂದಳು ಮಹದೇವಿ.

ಕೋಮಲ ಕಂಪ್ಯೂಟರಿನ ಸೆಟ್ಟಿಂಗಿನೊಳಗೆ ಇಳಿದಿದ್ದಳು. ಕಣ್ಣು ಅಕ್ಷರಗಳ ಮೇಲಿತ್ತು, ಒಂದೂ ತಲೆಗೆ ಹೋಗುತ್ತಿರಲಿಲ್ಲ. ಆ ಹೇಳಿಕೆಗಳನ್ನು ಕ್ವಾರಿಯವರಿಗೆ ಪುಟ್ಟರಾಜು ಕೊಡಲಿಲ್ಲವೆಂಬುದು ಅವನನ್ನು ಬಿಟ್ಟರೆ ಈ ಭೂಮಿಯ ಮೇಲೆ ಮೂವರಿಗೆ ಗೊತ್ತಿತ್ತು. ಅವರಲ್ಲಿ ಅವಳೂ ಒಬ್ಬಳು.

ಆಗ ಅವಳು ಕೊಳ್ಳೇಗಾಲದಲ್ಲಿ ಶಾಂತರಾಜು ಎಂಬವನ ರಿಪೇರಿ ಅಂಗಡಿಯಲ್ಲಿದ್ದಳು. ಒಡೆದ ಪರದೆ ಬದಲಾಯಿಸಲು ಮಹದೇವಿ ಹಳೆಯ ಲ್ಯಾಪ್‌ಟಾಪ್ ತಂದಿದ್ದು ಅಲ್ಲಿಗೇ. ಎಲ್ಲ ಗಿರಾಕಿಗಳನ್ನು ಕೇಳುವಂತೆ ಕೋಮಲ ಅವಳ ಪಾಸ್‌ವರ್ಡನ್ನೂ ಕೇಳಿ, ಚೀಟಿಯ ಮೇಲೆ ಬರೆದು, ಮುಚ್ಚಳಕ್ಕೆ ಅಂಟಿಸಿದ್ದಳು. ಮಹದೇವಿಯೂ ಹಿಂದೆಮುಂದೆ ನೋಡದೆ ಹೇಳಿದ್ದಳು. ಅವಳ ಪೋಡಿನ ಮನೆಗಳಿಗೆ ಬೀಗವೇ ಇರಲಿಲ್ಲ. ಕೆಲಸ ಬಿಟ್ಟು ಹನೂರಿಗೆ ಬಂದು ಸ್ವಂತ ಅಂಗಡಿ ಹಾಕಿದರೆ ಆ ದಿನ ಹಿಂದೆಯೇ ಉಳಿಯುತ್ತದೆ ಎಂದುಕೊಂಡಿದ್ದಳು ಕೋಮಲ. ಅದು ಮಹದೇವಿಯ ಕೈ ಹಿಡಿದುಕೊಂಡು ಇಲ್ಲಿಗೇ ಬಂತು.

ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಮೇಲೆ ಕಂಪನಿಯವರೇ ಒಂದು ಮುಸುಕು ಹೊದಿಸಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೋಮಲಳಿಗೆ ಆ ಸೆಟ್ಟಿಂಗ್ ಸಿಕ್ಕಿತು. ತೆಗೆದು ಹಾಕಿದಳು, ಡಿಸ್ಕು ಕಂಡಿತು. ಸಿಸ್ಟಮ್ಮು ಒಳಗಿಳಿಯಲು ಸಿದ್ಧವಾಗಿ, ಕಡೆಯದಾಗಿ ಗುಟ್ಟಿನ ಪದ ಕೇಳಿತು. ಅದು ಮರೆತರೆ ವಕೀಲರಿಂದಲೂ ತೆರೆಯಲಾಗುವುದಿಲ್ಲ.

"ನೀನೇ ಬರ್ಕೊ ಮಗ, ಆವತ್ತು ಕೊಳ್ಳೇಗಾಲದಲ್ಲಿ ಬರ್ಕಂಡಂಗೆ," ಎಂದಳು ಮಹದೇವಿ. "ಮುಚ್ಚಳದ ಮ್ಯಾಲೆ ಅಂಟಿಸ್ಬುಡು. ನಾ ಮರ್ತೋದ್ರೆ ನೀ ಇರ್ತೀಯಲ್ಲ."

ಕೋಮಲ ಪೆನ್ನು ತೆಗೆದುಕೊಳ್ಳಲಿಲ್ಲ. "ಅಂಗಡಿಯವ್ರಿಗೆ ಯಾಕಕ್ಕ ಕೊಡ್ತೀರಿ ಗುಟ್ಟ?" ಎಂದಳು. ದನಿ ತಾನೇ ಏರಿತು. "ನಂಗೂ ಏಳ್ಬೇಡಿ, ಯಾರ್ಗೂ ಏಳ್ಬೇಡಿ. ಏಳಿದ್ಕೇ ಆದದ್ದು ಅದೆಲ್ಲ."

"ಏನಾದದ್ದು?"

"ಪುಟ್ಟರಾಜಣ್ಣ ಕೊಡ್ನಿಲ್ಲ. ಚೀಟಿ ನೋಡ್ಕಂಡು ನಾನೇ ತೆಗ್ದೆ ನಿಮ್ ಲ್ಯಾಪ್‌ಟಾಪ. ಬ್ಯಾಕಪ್ ಮಾಡು ಅಂದ್ರು ಶಾಂತರಾಜು, ಮಾಡಿ ಕೊಟ್ಟೆ. ಸಂಜೆ ಅದ ಅವ್ರು ಕ್ವಾರಿ ಜೀಪ್ನವ್ನಿಗೆ ಕೊಟ್ಟದ್ದ ಕಣ್ಣಾರೆ ಕಂಡೆ. ಕಂಡೂ ಬಾಯಿ ಮುಚ್ಕಂಡಿದ್ದೆ."

ಹೊರಗೆ ಕೊಳ್ಳೇಗಾಲದ ಬಸ್ಸಿನ ಕಂಡಕ್ಟರು ಜನರನ್ನು ಕೂಗುತ್ತಿದ್ದ. ಆ ಬಸ್ಸು ಹೊರಟು ಹೋಯಿತು. ಮೇಜಿನಡಿಯಿಂದ ಆಗಷ್ಟೇ ಹೆಕ್ಕಿದ ಉಳಿದ ಸ್ಕ್ರೂಗಳು ಮಹದೇವಿಯ ಮುಷ್ಟಿಯಲ್ಲಿದ್ದವು.

"ಮೂರು ತಿಂಗ್ಳು," ಎಂದಳು ಕಡೆಗೆ. "ಮೂರು ತಿಂಗ್ಳು ನನ್ ಬಾಯಲ್ಲಿ ಅವನ್ನ ಬೈಸ್ದೆ."

ಹೊಡೆಯುತ್ತಾಳೆ ಎಂದುಕೊಂಡಳು ಕೋಮಲ. ಹೊಡೆದಿದ್ದರೆ ಚೆನ್ನಾಗಿತ್ತು. ಮಹದೇವಿ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಪ್ರತಿಯೊಂದೂ ತಗಡಿಗೆ ಬಿದ್ದು ಸದ್ದು ಮಾಡಿತು. ನಿನ್ನೆ ನಿನ್ನ ಅಂಗಡಿಯ ನೀರು ಕುಡಿದೆನಲ್ಲ ಎಂದಳು. ಜವರಮ್ಮನ ಕೈಯ ಸುಟ್ಟ ಗಾಯ ಇನ್ನೂ ಮಾಗಿಲ್ಲ, ಅದನ್ನಾದರೂ ಒಂದು ಸಲ ನೋಡಿದ್ದೀಯಾ ಎಂದು ಕೇಳಿದಳು. ದನಿ ಏರಿಸಲೇ ಇಲ್ಲ. ಬೆಟ್ಟದ ದಾರಿಯಲ್ಲಿ ಹೊರೆ ಹೊತ್ತವರು ಉಸಿರು ಹಿಡಿದು ಮಾತಾಡುತ್ತಾರಲ್ಲ, ಹಾಗಿತ್ತು ಅವಳ ಸಿಟ್ಟು.

"ಮುಗ್ಸು ಇದ," ಎಂದಳು ಆಮೇಲೆ. "ಮುಗ್ಸಿ ನನ್ ಜೊತೆ ಬಾ. ಅವ್ನ ಮುಂದೆ ನಿನ್ ಬಾಯಲ್ಲೇ ಏಳು. ಗುರುವಾರ ವಿಚಾರಣೇಲೂ ನೀನೇ ಏಳು."

ಕೋಮಲ ತಲೆಯಾಡಿಸಿದಳು. ಲ್ಯಾಪ್‌ಟಾಪನ್ನು ಮಹದೇವಿಯ ಕಡೆ ತಿರುಗಿಸಿ, ಎದ್ದು ಹೋಗಿ ಶಟರಿನ ಬಳಿ ಬೀದಿಗೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಒಂದೇ ಬೆರಳು ಕೀಲಿಗಳನ್ನು ಹುಡುಕಿ ಹುಡುಕಿ ಒತ್ತುತ್ತಿತ್ತು. ತಪ್ಪಾಯಿತು, ಮೊದಲಿಂದ ಒತ್ತಿತು. ಕೋಮಲ ತಿರುಗಿ ನೋಡಲಿಲ್ಲ, ಎಷ್ಟು ಅಕ್ಷರವೆಂದು ಎಣಿಸಲೂ ಇಲ್ಲ.

ಮೂರು ಗಂಟೆಗೆ ಸಿಸ್ಟಮ್ಮು ಎದ್ದು ನಿಂತಿತು. ಬಣ್ಣಬಣ್ಣದ ಅಂಚಿನ ಕಿಟಕಿಗಳು, ಒಂದು ಬಣ್ಣಕ್ಕೆ ಒಂದು ಕೋಣೆ. ಇಂಟರ್ನೆಟ್ಟಿನ ಸೋಂಕೇ ಇಲ್ಲದ ಕೋಣೆಯೊಂದನ್ನು ಕೋಮಲ ತೆರೆದು ತೋರಿಸಿದಳು. ಮಹದೇವಿ ಅದರಲ್ಲಿ ಬರೆದುಕೊಂಡ ಮೊದಲ ಹೇಳಿಕೆ ಕೋಮಲಳದೇ. ಹೆಸರು, ಅಂಗಡಿ, ತಾರೀಖು, ಜೀಪಿನ ಬಣ್ಣ. ಕೋಮಲ ಹೇಳುತ್ತ ಹೋದಳು, ಅವಳು ಒಂದೇ ಬೆರಳಲ್ಲಿ ಒತ್ತುತ್ತ ಹೋದಳು.

ಲೊಕ್ಕನಹಳ್ಳಿಯ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಇಳಿದ ಮೇಲೆ ಕಾಡಿನ ದಾರಿಯಲ್ಲಿ ಮಹದೇವಿ ಮುಂದೆ, ಹತ್ತು ಹೆಜ್ಜೆ ಹಿಂದೆ ಕೋಮಲ. ಪೋಡು ಮುಟ್ಟುತ್ತಲೇ ಮಹದೇವಿ ತನ್ನ ಮನೆಗೆ ಹೋಗಿ ಜೇನಿನ ಕ್ಯಾನು ಎತ್ತಿಕೊಂಡು ಬಂದಳು.

ಪುಟ್ಟರಾಜು ಅಂಗಳದಲ್ಲಿ ಬೇಲಿಗೆಂದು ಬಿದಿರು ಸೀಳುತ್ತಿದ್ದ. ಇಬ್ಬರನ್ನು ಕಂಡೂ ಮಚ್ಚು ನಿಲ್ಲಿಸಲಿಲ್ಲ. ಕೋಮಲ ನಿಂತುಕೊಂಡೇ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಬಾಯಿಗೆ ಬರಲಿಲ್ಲ. ಬಂದಷ್ಟು ಸಾಕಾಯಿತು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

"ನಿನ್ನ ಬೈಯಾಕೆ ನೀ ಯಾರೋ, ನಾ ಯಾರೋ," ಎಂದ ಪುಟ್ಟರಾಜು ಅವಳಿಗೆ. ಆಮೇಲೆ ಮಹದೇವಿಯ ಕಡೆ ನೋಡಿದ. ಕಣ್ಣು ಕೆಂಪಗಾಗಿದ್ದವು. "ನೀ ನಮ್ಮಕ್ಕ ಕಣೆ. ನನ್ ಮನೆ ಎಷ್ಟ್ ದೂರ ಇತ್ತು? ಒಂದ್ ಸಲ ಬಂದು ಕೂತು ಕೇಳಾಕಾಗ್ನಿಲ್ವ ನಿಂಗೆ?"

ಮಹದೇವಿ ಕ್ಯಾನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು. ಪುಟ್ಟರಾಜು ಕೈಯಲ್ಲಿದ್ದ ಬಿದಿರನ್ನು ತುದಿಯವರೆಗೂ ಸೀಳಿ ಮುಗಿಸಿದ. ಮಚ್ಚನ್ನು ಪಕ್ಕಕ್ಕಿಟ್ಟ. ಕೈಯನ್ನು ಪಂಚೆಗೆ ಒರೆಸಿಕೊಂಡು ಕ್ಯಾನಿನ ಹಿಡಿ ಹಿಡಿದ. ಒಂದು ಗಳಿಗೆ ಇಬ್ಬರ ಕೈಯೂ ಅದರ ಮೇಲಿತ್ತು. ಆಮೇಲೆ ಮಹದೇವಿ ಬಿಟ್ಟಳು.