ಸಾಯಲೊಲ್ಲದ ಊರು

“ಲೇ ಹಾಜಿ, ನೆಟ್ಟಗೆ ಸಾಯಾಕೂ ಬರಾಕಿಲ್ವೇನ್ಲಾ ನಿಂಗೆ? ಏಳು, ಇನ್ನೊಂದ್ ಸಲ ಸಾಯಿ!”

ಬೈದವನು ಕ್ರ್ಯಾಡಕ್, ಮೇಸ್ತ್ರಿ. ಬೈಸಿಕೊಂಡವನು ಶಾಕಿರ್, ಜನ್ಮದಲ್ಲಿ ಮೆಕ್ಕಾ ಕಾಣದ ಹಾಜಿ. ಇಲ್ಲಿ ಹೇಳುವುದೆಲ್ಲ ನಿಜ. ಸುಳ್ಳೆಂಬುದಿದ್ದರೆ ಅದು ಆ ಊರು ಮಾತ್ರ. ಲೂಸಿಯಾನಾದ ಪೈನ್ ಕಾಡು ಸವರಿ, ಸರಕು ಸಾಗಿಸುವ ಕಬ್ಬಿಣದ ಪೆಟ್ಟಿಗೆಗಳಿಗೆ ಮಣ್ಣಿನ ಬಣ್ಣ ಬಳಿದು, ಪ್ಲೈವುಡ್ಡಿನ ಮಿನಾರು ನಿಲ್ಲಿಸಿ ಸೈನ್ಯದವರು ಎಬ್ಬಿಸಿದ ಇರಾಕಿನ ಊರು. ಯುದ್ಧಕ್ಕೆ ಹೊರಟ ಹುಡುಗರು ಊರಿಗೆ ನುಗ್ಗುವುದನ್ನು ಮೊದಲು ಇಲ್ಲಿ ಕಲಿಯಬೇಕು. ನುಗ್ಗಬೇಕಾದರೆ ಊರಲ್ಲಿ ಜನ ಬೇಡವೇ? ಅದಕ್ಕೇ ಕೂಲಿಯಾಳುಗಳು. ಬಸ್ರಾದಲ್ಲಿ ಬಸ್ಸು ಓಡಿಸುತ್ತಿದ್ದ ಶಾಕಿರ್, ಅಲ್ಲಿನ ಯುದ್ಧದಿಂದ ತಪ್ಪಿಸಿಕೊಂಡು ಬಂದು ಇಲ್ಲಿನ ಯುದ್ಧದಲ್ಲಿ ಕಲ್ಲಂಗಡಿ ಮಾರುತ್ತಿದ್ದ. ಕಲ್ಲಂಗಡಿ ಪ್ಲಾಸ್ಟಿಕ್ಕಿನದು.

ಊರೊಳಗೆ ಕಾಲಿಟ್ಟವರೆಲ್ಲ ಎದೆಗೊಂದು ಪಟ್ಟಿ ಕಟ್ಟಿಕೊಳ್ಳಬೇಕು. ಹುಡುಗರ ಬಂದೂಕಿನಿಂದ ಗುಂಡಿನ ಬದಲು ಬೆಳಕು ಹಾರುತ್ತದೆ. ತಗುಲಿದರೆ ಪಟ್ಟಿ ಕೀಂ ಎಂದು ಕಿರುಚುತ್ತದೆ, ಆಗ ಬೀಳಬೇಕು. ಕಿರುಚಾಟ ನಿಲ್ಲಿಸುವ ಕೀಲಿಕೈ ಕ್ರ್ಯಾಡಕ್‌ನ ಕೊರಳಲ್ಲಿ. ಬೆಳಿಗ್ಗೆ ಹಂಚುವ ಚೀಟಿಯಲ್ಲಿ ಅವರವರ ಹಣೆಬರಹ: ಒಬ್ಬನಿಗೆ ಕಾಲಿಲ್ಲ, ಒಬ್ಬನ ಕರುಳು ಹೊರಗೆ, ಒಬ್ಬ ಸತ್ತೇಹೋದ. ಎಲ್ಲರೂ ದೇವರಲ್ಲಿ ಬೇಡುತ್ತಿದ್ದುದು ಸಾವನ್ನೇ. ಗಾಯದವರು ಬಿಸಿಲಲ್ಲಿ ಬಾಯಿ ಬಡಿದುಕೊಳ್ಳಬೇಕು, ಸತ್ತವರು ನೆರಳಲ್ಲಿ ನಿದ್ದೆ ತೆಗೆಯಬಹುದು.

ಅವತ್ತು ಎರಡನೆಯ ಸುತ್ತಿಗೆ ಶಾಕಿರ್‌ಗೆ ಬಂದ ಚೀಟಿ: ಮಗ ಸತ್ತ ಅಪ್ಪ.

ಅವನು ಕಲ್ಲಂಗಡಿಗಳ ಧೂಳು ಒರೆಸುತ್ತ ಕೂತ.

“ಅಳು ಕಣ್ಲಾ!” ಎಂದ ಕ್ರ್ಯಾಡಕ್. “ನಿಮ್ ಜನ ಹೆಂಗ್ ಅಳ್ತಾರೆ ಅಂತ ನಾನೇ ಹೇಳ್ಕೊಡ್ಬೇಕಾ? ನೋಡ್ಕೊ.” ತಾನೂ ಸಿಪಾಯಿಯಾಗಿದ್ದಾಗ ಬಸ್ರಾದ ರಸ್ತೆಯಲ್ಲಿ ಮೊಣಕಾಲಿನ ಕೆಳಗಿನದನ್ನು ಕಳೆದುಕೊಂಡಿದ್ದಕ್ಕೆ ಸರ್ಕಾರ ಕೊಟ್ಟ ಕಬ್ಬಿಣದ ಕಾಲನ್ನು ಎಳೆದುಕೊಂಡು ಬಂದು, ಮಂಡಿಯೂರಿ, ಎದೆ ಗುದ್ದಿಕೊಂಡು, ಆಕಾಶಕ್ಕೆ ಮುಖವೆತ್ತಿ ಊಳಿಟ್ಟ. ಸಿಪಾಯಿ ಹುಡುಗರು ಶಿಳ್ಳೆ ಹೊಡೆದರು.

ಶಾಕಿರ್‌ನ ಮಗ ಸಿನಾನ್‌ನನ್ನು ಬಸ್ರಾದ ತಪಾಸಣೆಯ ಗೇಟಿನಲ್ಲಿ ಸಿಪಾಯಿಗಳು ಗುಂಡು ಹೊಡೆದು ಕೊಂದಿದ್ದರು. ಸುದ್ದಿ ಬಂದಾಗ ಶಾಕಿರ್ ಬಸ್ಸನ್ನು ಕೊನೆಯ ನಿಲ್ದಾಣದವರೆಗೂ ಓಡಿಸಿ, ಜನರನ್ನು ಇಳಿಸಿ, ಗಾಜು ಒರೆಸಿದ್ದ. ಅಂಥ ದುಃಖ ಇಲ್ಲಿ ನಡೆಯುವುದಿಲ್ಲ. ಅವನೂ ಮಂಡಿಯೂರಿದ. ಎದೆಗೆ ಗುದ್ದು, ಕತ್ತಿನ ಕೊಂಕು, ನಡುವೆ ಬರುವ ಕೆಮ್ಮು, ಒಂದೂ ಬಿಡದೆ ಕ್ರ್ಯಾಡಕ್ ಅತ್ತಂತೆಯೇ ಅತ್ತ.

“ಈಗ್ ನೋಡು, ಇರಾಕಿನೋನ್ ಥರಾ ಕಾಣ್ತೀಯ.”

ಊಟದ ಹೊತ್ತಿಗೆ ಬಣ್ಣ ಬಳಿಯುವವನೊಬ್ಬ ಏಣಿ ಹತ್ತಿ ಅಂಗಡಿಗಳ ಅರಬ್ಬಿ ಅಕ್ಷರ ಅಳಿಸುತ್ತಿದ್ದ.

“ಸೋಮವಾರದಿಂದ ವೈರಿ ಬದಲಾಯ್ತಾನೆ,” ಎಂದು ಕ್ರ್ಯಾಡಕ್ ಕೂಗಿದ. “ಹಿಮದ ದೇಸ, ಬಿಳೀ ಜನ. ನಾನ್ ಇರ್ತೀನಿ, ನೀವ್ ಮನೇಗ್ ಹೋಯ್ತೀರಿ.”

“ನಾನೂ ಹಿಮದಲ್ಲಿ ಸಾಯ್ತೀನಿ ಸಾರ್,” ಎಂದ ಶಾಕಿರ್. “ಈ ಕೂಲಿ ಬಿಟ್ರೆ ನಂಗೇನೂ ಇಲ್ಲ.”

“ನಿನ್ ಮುಸುಡಿ ಹೊಂದಾಕಿಲ್ಲ ಕಣಯ್ಯಾ. ನಾಳೆ ವಾಷಿಂಗ್ಟನ್ನಿಂದ ದೊಡ್ಡೋರು ಬತ್ತಾವ್ರೆ. ಕೊನೇ ಸಲ ಮರ್ವಾದೆಯಾಗಿ ಸತ್ತು ತೋರ್ಸಿ, ಹೋಗಿ.”

ಪಕ್ಕದಲ್ಲಿ ಲವಾನ್ ಬುರ್ಖಾ ಮೇಲೆತ್ತಿ ಅನ್ನ-ಕಾಳು ತಿನ್ನುತ್ತಿದ್ದಳು. ಆ ಸೀಮೆಯ ಕಪ್ಪು ಹೆಂಗಸು. ಬುರ್ಖಾದೊಳಗೆ ಯಾವ ಬಣ್ಣವಾದರೇನೆಂದು ಅವಳನ್ನೂ ಇರಾಕಿನವಳು ಮಾಡಿದ್ದರು.

“ಈ ಬುರ್ಖಾ ಯುದ್ಧ ನಂಗೆ ಒಗ್ಗಿತ್ತು ಕಣಪ್ಪಾ,” ಎಂದಳು. “ನಮ್ಮೂರು ಈ ದಂಡಿನ ಉಪ್ಪು ತಿಂದೇ ಬದುಕಿರಾದು. ದಿನಸಿ ಅಂಗ್ಡಿ, ಕಟಿಂಗ್ ಸಾಪು, ಇಸ್ಕೂಲು, ಎಲ್ಲಾನೂ. ಪಾದ್ರಿ ‘ಲೋಕಕ್ಕೆ ಶಾಂತಿ ಕೊಡಪ್ಪಾ’ ಅಂದಾಗ ನಾವು ಆಮೆನ್ ಅನ್ನಾದು ಹಲ್ ಕಚ್ಕಂಡು.”

ಮಗ ಹುಟ್ಟಿದ ಮೇಲೆ ತಾಯಿಯನ್ನು ಮಗನ ಹೆಸರಿಂದ ಕರೆಯುವುದು ಶಾಕಿರ್‌ನ ಕಡೆಯ ರೂಢಿ. “ಉಮ್ಮ್ ಡೇರಿಯಸ್, ಯುದ್ಧಕ್ಕೆ ಹೋದ ಮಗನ ಸುದ್ದಿ ಬಂತಾ?”

“ಇಲ್ಲ. ಬೇರೆ ಕೆಲ್ಸ ಸಿಕ್ದೆ ಸೈನ್ಯ ಸೇರ್ದ. ಇದೇ ಬೀದೀಲಿ ಕಲ್ತಿದ್ದು. ನಂಗೇ ಗುಂಡ್ ಹೊಡ್ದ, ಒಳಗಿರಾದು ಅವ್ವ ಅಂತ ಗೊತ್ತಾಗ್ನಿಲ್ಲ. ಆಮೇಲೆ ಮನೇಲಿ ಉಣ್ಣೋವಾಗ ಅಂದ: ‘ಅವ್ವಾ, ಒಂದೇ ಏಟ್ಗೆ ಬಿತ್ತು ಮುದ್ಕಿ.’ ನಾನು ಇನ್ನೊಂಚೂರು ಅನ್ನ ಬಡ್ಸಿದೆ.”

ಶಾಕಿರ್ ಏಣಿಯ ಮೇಲಿನವನತ್ತ ನೋಡಿ ತಟ್ಟೆ ಸರಿಸಿದ.

“ಸಾಕಾಗೋಗದೆ. ನಾಳೆ ನಾನು ಸಾಯಾಕಿಲ್ಲ.”

“ಸಾಯಿ ಅಂದೋರ್ ಯಾರು ನಿಂಗೆ?”

“ದಿನಾ ಅಂತಾನಲ್ಲ, ಅವ್ನೇ.”

ಲವಾನ್‌ಗೆ ಅರ್ಥವಾಯಿತು. ಅಗಿಯುವುದನ್ನು ನಿಲ್ಲಿಸಿದಳು, ಹಲ್ಲು ಕಾಣಿಸಿತು. ಚಹಾದ ಲೋಟದ ಜೊತೆಗೇ ಮಾತು ಕೈಯಿಂದ ಕೈಗೆ ಹೋಯಿತು.

ಮರುದಿನ ದೊಡ್ಡವರು ಪಟ್ಟಿ ಕಟ್ಟಿಸಿಕೊಂಡು ಬೀದಿಯ ಅಂಚಿನ ನೆರಳಲ್ಲಿ ಕುರ್ಚಿ ಹಾಕಿ ಕೂತರು. ಹುಡುಗರು ನುಗ್ಗಿದರು. ಮೊದಲು ಕಿರುಚಿದ್ದು ಶಾಕಿರ್‌ನ ಪಟ್ಟಿ.

“ಬನ್ನಿ ಬನ್ನಿ, ಸಕ್ರೆಯಂಥಾ ಕಲ್ಲಂಗಡಿ!” ಎಂದು ಕೂಗಿದ ಶಾಕಿರ್.

ಲವಾನ್‌ಳ ಬುರ್ಖಾದೊಳಗೂ ಕೀಂ ಎಂದಿತು. “ಹಣ್ಣಾಗದೋ ಇಲ್ವೋ, ಬಡ್ದು ತೋರ್ಸಪ್ಪಾ,” ಎಂದು ಕಲ್ಲಂಗಡಿಗೆ ಕಿವಿಗೊಟ್ಟಳು. ರೊಟ್ಟಿಯವನು ಕಿರುಚುತ್ತಲೇ ರೊಟ್ಟಿ ತಟ್ಟಿದ. ಚಹಾದಂಗಡಿಯಲ್ಲಿ ಸತ್ತವರೆಲ್ಲ ಪಗಡೆ ಆಡಿದರು. ಬೀದಿಗೆ ಬೀದಿಯೇ ಜೀರುಂಡೆ ಹೊಕ್ಕಂತೆ ಚೀರತೊಡಗಿತು. ಹುಡುಗರು ಮತ್ತೆ ಹೊಡೆದರು, ಹತ್ತಿರ ಬಂದು ಹೊಡೆದರು. ಮೀಸೆ ಮೂಡದ ಒಬ್ಬ ಹಿಂದೆ ಸರಿದು ಕೂಗಿದ: “ಸಾರ್, ಇವ್ರು ಸಾಯ್ತಾನೇ ಇಲ್ಲ ಸಾರ್!”

ಕ್ರ್ಯಾಡಕ್ ಕುಂಟುತ್ತ ಓಡಿಬಂದ. “ಸಾಯ್ರಲೇ ಬೋಳೀಮಕ್ಳಾ! ನಿಮ್ ಕಾಲಿಗ್ ಬೀಳ್ತೀನಿ, ಸಾಯ್ರೋ!”

“ಕಾಲಿಗ್ ಯಾಕ್ ಸಾರ್,” ಎಂದ ಶಾಕಿರ್. “ಹಣ್ಣು ಬೇಕಾದ್ರೆ ಹಂಗೇ ತಗೊಳ್ಳಿ.”

ಗಾಬರಿಬಿದ್ದ ಹುಡುಗನ ಬಂದೂಕು ತಿರುಗಿತು. ಕ್ರ್ಯಾಡಕ್‌ನ ಪಟ್ಟಿಯೂ ಕೀಂ ಎಂದಿತು.

ದೊಡ್ಡವರಲ್ಲೊಬ್ಬ ಎದ್ದುಬಂದು ಮೇಸ್ತ್ರಿಯ ಬೆನ್ನು ತಟ್ಟಿದ. “ಬೇಸರ ಮಾಡ್ಕೋಬೇಡ. ನಿನ್ನ ಸೇವೆಗೆ ದೇಶ ಋಣಿ. ಹೊಸ ಯುದ್ಧಕ್ಕೆ ಹೊಸ ಕಂಪನಿ. ಅವರೇ ಮೇಸ್ತ್ರಿ ಕರ್ಕೊಂಡು ಬರ್ತಾರೆ. ಸೋಮವಾರದಿಂದ ನೀನೂ ವಿಶ್ರಾಂತಿ ತಗೋ. ಈಗ ಎಲ್ಲರಿಗೂ ಮಾದರಿಯಾಗಿ ಬೀಳಪ್ಪ, ನೋಡೋಣ.”

ಕ್ರ್ಯಾಡಕ್ ಅವನ ಮುಖ ನೋಡಿದ. ಕೂಗುತ್ತ ನಿಂತ ಊರನ್ನು ನೋಡಿದ. ಬೀಳಲಿಲ್ಲ. ಹಣ್ಣಿನ ಗಾಡಿಯ ಮೇಲೆ ಕೂತು, ಮೊಣಕಾಲಿನ ಬೆಲ್ಟು ಬಿಚ್ಚಿ, ಕಬ್ಬಿಣದ ಕಾಲನ್ನು ಕಲ್ಲಂಗಡಿಗಳ ನಡುವೆ ಇಟ್ಟ.

“ಇದನ್ನೂ ಮಾರಾಕ್ಲಾ, ಹಾಜಿ. ನಿಮ್ಮೂರಿಂದೇ.”

ಲವಾನ್ ಬುರ್ಖಾದೊಳಗೆ ಕಿಸಕ್ಕೆಂದಳು. ರೊಟ್ಟಿಯವನು ನಕ್ಕ, ಶಾಕಿರ್ ನಕ್ಕ. ಕೊರಳಲ್ಲಿದ್ದ ಕೀಲಿಕೈಯತ್ತ ಕೈಯನ್ನೂ ಒಯ್ಯದೆ, ಎಲ್ಲರಿಗಿಂತ ಜೋರಾಗಿ, ಕೆಮ್ಮು ಬಂದರೂ ನಿಲ್ಲಿಸದೆ, ಕ್ರ್ಯಾಡಕ್ ನಗುತ್ತಲೇ ಇದ್ದ.