ಮಿಕ್ಕ ಎಂಟನೆಯ ಸ್ಕ್ರೂ

ಕನ್ನಡಕದ ಗಾಜು ಅರೆಯುವ ಆ ಪುಟ್ಟ ಕಾರ್ಖಾನೆಯ ಆಫೀಸಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರು, ಒಬ್ಬಳೇ ಗುಮಾಸ್ತೆ. ಹನ್ನೊಂದು ವರ್ಷದಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಳಿದ್ದರು. ಬುಧವಾರ ಬೆಳಿಗ್ಗೆ ಕಂಪ್ಯೂಟರು ಕಣ್ಣು ಬಿಡಲಿಲ್ಲ. ರಿಪೇರಿಯವನು ಬಂದು ನೋಡಿ, ಮದರ್‌ಬೋರ್ಡ್ ಹೋಗಿದೆ, ಮಿಕ್ಕದ್ದೆಲ್ಲ ಗಟ್ಟಿಯಾಗಿದೆ ಎಂದು ಹೇಳಿ ಹೋದ.

ಯಜಮಾನರ ಭಾವಮೈದ ಇದಕ್ಕೇ ಕಾದಿದ್ದವನಂತೆ ಬಂದ. ತನ್ನ ಬಳಿ ಹೊಸ ಲ್ಯಾಪ್‌ಟಾಪ್ ಇದೆ, ಆರ್ಡರುಗಳನ್ನೆಲ್ಲ ಮನೆಯಿಂದಲೇ ನೋಡಿಕೊಳ್ಳುತ್ತೇನೆ, ಈ ಮೇಜು ಕುರ್ಚಿ ತೆಗೆದರೆ ಇನ್ನೊಂದು ಅರೆಯುವ ಯಂತ್ರ ಇಡಬಹುದು ಎಂದ. ಆ ಕುರ್ಚಿಯಲ್ಲಿ ಕೂತವಳನ್ನು ಎಲ್ಲಿಡುವುದೆಂದು ಅವನು ಹೇಳಲಿಲ್ಲ. ಯಜಮಾನರು ಕೆಟ್ಟವರಲ್ಲ, ಹಿತ್ತಾಳೆ ಕಿವಿಯವರು. ಆಗಲೇ ತಲೆಯಾಡಿಸತೊಡಗಿದ್ದರು.

ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಹೆಂಗಸು ಅವಳು. ಒಂದು ಮಾತಾಡುವ ಮುಂಚೆ ಹತ್ತು ಮಾತು ತೂಗುವವಳು. ಅಂದು ತೂಗುತ್ತ ಕೂರಲಿಲ್ಲ.

"ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ ಟೈಮ್ ಕೊಡಿ ಯಜಮಾನ್ರೆ. ಪ್ರಿಂಟರಿನ ಎರಡು ಇಂಕ್ ಡಬ್ಬಿಗೆ ಆಗೋಷ್ಟು ದುಡ್ಡು ಸಾಕು. ಬೋರ್ಡ್ ನಾನೇ ಹಾಕ್ತೀನಿ."

ಭಾವಮೈದ ನಕ್ಕ. "ಅಕ್ಕಾ, ಇದೇನು ಅಂಗಿಗೆ ಗುಂಡಿ ಹೊಲಿಯೋ ಕೆಲಸ ಅಂದ್ಕೊಂಡ್ರಾ?"

ಅವನಿಗೆ ಗೊತ್ತಿರಲಿಲ್ಲ, ಅವಳು ಗುಂಡಿ ಹೊಲಿದು ಬದುಕಿದ ಅಮ್ಮನ ಮಗಳು ಎಂದು. ಅಮ್ಮ ದರ್ಜಿ. ಬಟ್ಟೆಗೆ ಚುಚ್ಚುವ ಗುಂಡುಸೂಜಿಗಳನ್ನು ಮೊದಲು ರಟ್ಟಿಗೆ ಚುಚ್ಚಿ ಎಣಿಸುತ್ತಿದ್ದಳು, ಹೊಲಿಗೆ ಮುಗಿದ ಮೇಲೆ ಮತ್ತೆ ಎಣಿಸುತ್ತಿದ್ದಳು. ಒಂದು ಹೆಚ್ಚುಕಡಿಮೆಯಾದರೂ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ.

ಯಜಮಾನರು ದುಡ್ಡು ಕೊಟ್ಟ ಮೇಲೆ ಮಗಳೂ ಹಾಗೆಯೇ ಮಾಡಿದಳು. ಒಂದು ರಟ್ಟಿನ ಮೇಲೆ ಹಳೆಯ ಬೋರ್ಡಿನ ಚಿತ್ರ ಬರೆದು, ಕಳಚಿದ ಎಂಟು ಸ್ಕ್ರೂಗಳನ್ನೂ ಅವು ಇದ್ದ ಜಾಗದಲ್ಲೇ ಚುಚ್ಚಿದಳು. ಶುಕ್ರವಾರ ಸಂಜೆ ಹಳೆ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯವನು ಹೊಂದುವ ಹಳೆಯ ಬೋರ್ಡೊಂದನ್ನು ಹುಡುಕಿ, ಅವಳು ತಂದಿದ್ದ ಪ್ರೊಸೆಸರು, ಮೆಮೊರಿಗಳನ್ನು ಅದಕ್ಕೆ ಕೂರಿಸಿ, ಮೇಜಿನ ಮೇಲೇ ಓಡಿಸಿ ತೋರಿಸಿದ. ಮಾರಿದ ಮೇಲೆ ವಾಪಸ್ ತಗೊಳ್ಳುವುದಿಲ್ಲ ಎಂದೂ ಹೇಳಿದ.

ಶನಿವಾರ ಬೆಳಿಗ್ಗೆ ಇಬ್ಬರು ಗಂಡಸರೂ ನೋಡುತ್ತ ನಿಂತರು. ಅವಳು ಬೋರ್ಡನ್ನು ಪೆಟ್ಟಿಗೆಯೊಳಗೆ ಇಳಿಸಿ, ರಟ್ಟಿನಿಂದ ಒಂದೊಂದೇ ಸ್ಕ್ರೂ ಕಿತ್ತು ಬಿಗಿದಳು. ಏಳು ಮುಗಿದವು. ಎಂಟನೆಯದಕ್ಕೆ ಈ ಬೋರ್ಡಿನಲ್ಲಿ ತೂತೇ ಇರಲಿಲ್ಲ.

"ಗಡಿಯಾರ ಬಿಚ್ಚಿದವರೆಲ್ಲ ಒಂದು ಸ್ಕ್ರೂ ಮಿಗಿಸ್ತಾರೆ ಬಿಡಿ," ಎಂದ ಭಾವಮೈದ.

ಬಟನ್ ಒತ್ತಿದಳು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ದುಡ್ಡು ನೀರಿಗೆ ಹಾಕಿದ ಹಾಗಾಯಿತು ಎಂದು ಭಾವಮೈದ ಗೊಣಗಿದ. ಯಜಮಾನರು ನಿಟ್ಟುಸಿರು ಬಿಟ್ಟು, ಹೋಗಲಿ ಬಿಡಮ್ಮ, ಪ್ರಯತ್ನ ಪಟ್ಟೆಯಲ್ಲ ಎಂದರು. ಆ ಸಮಾಧಾನವೇ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಹನ್ನೆರಡು ಇನ್ನೂ ಹೊಡೆದಿಲ್ಲ ಯಜಮಾನ್ರೆ," ಎಂದಳು.

ರಟ್ಟನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಅಂಗಡಿಯ ಮೇಜಿನ ಮೇಲೆ ಓಡಿದ್ದು ಪೆಟ್ಟಿಗೆಯೊಳಗೆ ಯಾಕೆ ಓಡದು? ಮಿಕ್ಕದ್ದು ಸುಮ್ಮನೆ ಮಿಕ್ಕಿರುವುದಿಲ್ಲ ಎನ್ನುತ್ತಿದ್ದಳು ಅಮ್ಮ. ಎಂಟನೆಯ ಸ್ಕ್ರೂ ಗಾಳಿಯಲ್ಲಿ ಕೂತಿರಲಿಲ್ಲ, ಪೆಟ್ಟಿಗೆಯ ತಳದಲ್ಲಿರುವ ಒಂದು ಪುಟ್ಟ ಹಿತ್ತಾಳೆ ಗೂಟದ ಮೇಲೆ ಕೂತಿತ್ತು. ಸ್ಕ್ರೂ ಇಲ್ಲಿದೆ. ಗೂಟ?

ಏಳೂ ಸ್ಕ್ರೂ ಕಿತ್ತು ಬೋರ್ಡ್ ಎತ್ತಿದಳು. ಒಂಟಿ ಗೂಟ ಅಲ್ಲೇ ನೆಟ್ಟಗೆ ನಿಂತು, ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ತಾಗಿಕೊಂಡಿತ್ತು. ತಾಗಿದಲ್ಲೆಲ್ಲ ಕರೆಂಟು ದಾರಿ ತಪ್ಪಿತ್ತು. ಇಕ್ಕಳದಿಂದ ಗೂಟವನ್ನು ತಿರುಗಿಸಿ ತೆಗೆದಳು, ಬೋರ್ಡನ್ನು ಮತ್ತೆ ಕೂರಿಸಿ ಬಿಗಿದಳು. ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ಬಟನ್ ಒತ್ತಿದಳು. ಫ್ಯಾನು ತಿರುಗಿತು, ನಿಲ್ಲಲಿಲ್ಲ. ಪರದೆಯ ಮೇಲೆ ಹನ್ನೊಂದು ವರ್ಷದ ಆರ್ಡರುಗಳು ಬಂದು ಸಾಲಾಗಿ ನಿಂತವು.

"ಅದೃಷ್ಟ," ಎಂದ ಭಾವಮೈದ.

ಅವಳು ಗೂಟವನ್ನು ಅವನ ಅಂಗೈಗೆ ಹಾಕಿದಳು. "ತಗೊಳ್ಳಿ. ಅದೃಷ್ಟ ಇಷ್ಟೇ ಉದ್ದ ಇರತ್ತೆ."

ಆಮೇಲೆ ಕೂತು ನಾಲ್ಕು ಸಾಲು ಟೈಪ್ ಮಾಡಿ, ಪ್ರಿಂಟ್ ತೆಗೆದು ಯಜಮಾನರ ಮುಂದಿಟ್ಟಳು. ಈ ಕಂಪ್ಯೂಟರು, ಈ ಮೇಜು, ಈ ಕುರ್ಚಿ ಗುಮಾಸ್ತೆಯ ವಶದಲ್ಲಿರುತ್ತವೆ. ಇವನ್ನು ಬಿಚ್ಚುವುದಕ್ಕಾಗಲಿ ಸರಿಸುವುದಕ್ಕಾಗಲಿ ಮೊದಲು ಅವಳ ಒಪ್ಪಿಗೆ ಪಡೆಯಬೇಕು.

ಯಜಮಾನರು ಎರಡು ಸಲ ಓದಿ ಪೆನ್ನು ಎತ್ತಿದರು. "'ಪಡೆಯಬೇಕು' ಅನ್ನೋದು ಸ್ವಲ್ಪ ಜೋರಾಯ್ತೇನೋ. 'ಪಡೆದರೆ ಒಳ್ಳೆಯದು' ಅಂತ ಮಾಡೋಣವಾ ಅಮ್ಮ?"

"ಬೇಡ ಯಜಮಾನ್ರೆ. ಪಡೆಯಬೇಕು ಅಂತಲೇ ಇರ್ಲಿ."

ಅವರು ಸಹಿ ಹಾಕುವವರೆಗೂ ಅವಳು ಮೇಜಿನ ಮುಂದೆ ನಿಂತೇ ಇದ್ದಳು.